ಹುಲ್ಲು ಕೊಯ್ದ ಸಮಾಧಿ

"ಇಲ್ಲಿ ಹೂತಿರೋದು ಮನುಷ್ಯರನ್ನಾ, ಇಲ್ಲಾ ಸತ್ತ ನಾಯಿಗಳನ್ನಾ?"

ಸ್ಮಶಾನ ಸಮಿತಿಯ ಅಧ್ಯಕ್ಷರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೀಗೆ ಕೇಳಿದಾಗ ಸೊಸೆ ಅವರ ಬೆನ್ನ ಹಿಂದೆಯೇ ಛತ್ರಿ ಹಿಡಿದು ನಿಂತಿದ್ದಳು. ನೆರಳು ಅಧ್ಯಕ್ಷರ ತಲೆಗೆ, ಬಿಸಿಲು ಅವಳ ತಲೆಗೆ. ಬೆಳಗಿನಿಂದ ಮುಂದಿನ ಸಾಲಿನಲ್ಲಿ ಅಮೃತಶಿಲೆಯ ಸಮಾಧಿಗಳ ಸುತ್ತ ಹುಲ್ಲು ಸವರುತ್ತಿದ್ದವಳನ್ನು "ಏ, ಬಾರೇ ಇಲ್ಲಿ" ಎಂದು ಕರೆದು ಕೈಗೆ ಛತ್ರಿ ತುರುಕಿದ್ದರು. ಕೈಯ ಕೆಸರು ಹಿಡಿಗೆ ಹತ್ತೀತೆಂದು ಮೊದಲು ಸೆರಗಿಗೆ ಒರೆಸಿಕೊಳ್ಳಲು ಹೇಳಿದ್ದರು. ಅವರು ನಿಂತಿದ್ದ ಸ್ಮಶಾನದ ಹಿಂಬದಿಯ ಇಳಿಜಾರಿನಲ್ಲಿ ಮೂಗು ಮುಚ್ಚಿಕೊಳ್ಳುವಂಥದ್ದೇನೂ ಇರಲಿಲ್ಲ. ಸೊಂಟದೆತ್ತರದ ಹುಲ್ಲಿನ ಹಸಿ ವಾಸನೆ, ಅಷ್ಟೇ. ಕರವಸ್ತ್ರ ಬರೀ ದೊಡ್ಡಸ್ತಿಕೆಗೆ.

ಗುಂಡಿ ತೋಡುವವರ ಮನೆಗೆ ಮದುವೆಯಾಗಿ ಬಂದ ದಿನದಿಂದ ಅವಳು ಇಡೀ ಸ್ಮಶಾನಕ್ಕೇ ಸೊಸೆ. ಗುಮಾಸ್ತನಿಗೂ ಸೊಸೆ, ಗೇಟಿನ ಹತ್ತಿರ ಹೂ ಮಾರುವವಳಿಗೂ ಸೊಸೆ. ಗಂಡ ಇದೇ ಇಳಿಜಾರಿನ ಮಣ್ಣಿಗೆ ಸೇರಿದ ಮೇಲೂ ಆ ಹೆಸರು ಬದಲಾಗಲಿಲ್ಲ. ಅವನ ಸನಿಕೆ ಅವಳ ಕೈಗೆ ಬಂತು, ಅವನ ಸಂಬಳದಲ್ಲಿ ಅರ್ಧ ಮಾತ್ರ ಅವಳ ಕೈಗೆ ಬಂತು. ಹೆಂಗಸು ತೋಡಿದ ಗುಂಡಿಗೆ ಆಳ ಕಡಿಮೆ ಇರುತ್ತದಂತೆ. ಅವಳು ತೋಡಿದ ಯಾವ ಗುಂಡಿಗೂ ಇಳಿದು ನೋಡಿದವರ ಮಾತಲ್ಲ ಅದು.

ಅಧ್ಯಕ್ಷರ ಪಕ್ಕದಲ್ಲಿ ಸರ್ಕಾರದಿಂದ ತಪಾಸಣೆಗೆ ಬಂದ ಸಾಹೇಬರಿದ್ದರು. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ, ಕಂಕುಳಲ್ಲಿ ಹೊಸ ಕಾಯ್ದೆಯ ಪುಸ್ತಕ. ಅದನ್ನು ನೋಡಿದ ಕೂಡಲೇ ಗುಂಡಿ ತೋಡುವವರು ಅವರಿಗೆ ಕಾಯ್ದೆ ಸಾಹೇಬ ಎಂದು ಹೆಸರಿಟ್ಟಾಗಿತ್ತು.

"ಶಾಶ್ವತ ನಿರ್ವಹಣಾ ನಿಧಿಗೆ ಯಾರು ದುಡ್ಡು ಕಟ್ಟಿದಾರೋ ಅವರ ಸಮಾಧೀನ ಸಮಿತಿ ಕೊನೇತನಕ ನೋಡ್ಕೋಬೇಕು," ಸಾಹೇಬರು ವಿವರಿಸಿದರು. "ದುಡ್ಡು ಕಟ್ಟಿಲ್ಲ ಅಂದ್ರೆ, ವಾರಸುದಾರರು ನೋಡ್ಕೋತಿರೋ ಗುರುತಾದ್ರೂ ಕಾಣ್ಬೇಕು. ಎರಡೂ ಇಲ್ದಿದ್ರೆ ಅದು ಅನಾಥ ಸಮಾಧಿ. ಮೂಳೆ ತೆಗೆದು ಎಲ್ಲಾ ಒಂದೇ ಗುಂಡೀಲಿ ಹಾಕಿ, ಜಾಗ ಮಾರಿ, ಬಂದದ್ದನ್ನ ನಿಧಿಗೆ ಸೇರಿಸ್ಬಹುದು."

"ಸೇರಿಸ್ಬಹುದು ಅಲ್ಲ ಸಾರ್, ಸೇರಿಸ್ಲೇಬೇಕು! ನಿಧಿ ಸೊರಗಿದ್ರೆ ಮುಂದಿನ ಸಾಲು ತೊಳೆಸೋದು ಹೇಗೆ? ಅವರ ಕಲ್ಲಿಗೆ ಪಾಚಿ ಹಿಡಿದ್ರೆ ನನ್ನನ್ನ ಕೋರ್ಟಿಗೆ ಎಳೀತಾರೆ."

ಛತ್ರಿ ಅಲುಗಾಡಿತು. ಅಧ್ಯಕ್ಷರ ಕಿವಿಯ ಮೇಲೆ ಬಿಸಿಲು ಬಿತ್ತು.

"ಅನಾಥ ಅಲ್ಲ ಸ್ವಾಮಿ ಇವು," ಸೊಸೆ ಅಂದಳು. "ನಾವಿದೀವಲ್ಲ. ಅಗೋ ಅಲ್ಲಿರೋನು ನನ್ನ ಗಂಡ. ಪಕ್ಕದಲ್ಲಿ ನಮ್ಮಾವ. ಆ ತುದೀಲಿ ನಮ್ಮತ್ತೆಗೆ ಅತ್ತೆಯಾಗಿದ್ದೋರು. ಇಡೀ ಇಳಿಜಾರು ಗುಂಡಿ ತೋಡೋರದ್ದೇ. ಹಿಂದಿನ ಸಮಿತಿಯೋರು ಬಾಯಿಮಾತಲ್ಲಿ ಕೊಟ್ಟಿದ್ದು."

"ನಿನ್ನನ್ನ ಯಾರಾದ್ರೂ ಕೇಳಿದ್ರಾ? ಛತ್ರಿ ನೆಟ್ಟಗೆ ಹಿಡ್ಕೋ, ಮುಂಡೇದೇ."

ಸಾಹೇಬರು ಮಾತ್ರ ಅವಳ ಕಡೆ ತಿರುಗಿದರು. "ಹಾಗಾದ್ರೆ ಈ ಹುಲ್ಲೇನಮ್ಮ? ಮುಂದೆ ಅಷ್ಟು ಚೊಕ್ಕಟವಾಗಿ ಇಟ್ಟಿದೀರಿ. ನಿಮ್ಮೋರ ಮೇಲೆ ಒಂದ್ಸಲ ಕುಡುಗೋಲು ಆಡ್ಸೋಕಾಗಲ್ವಾ?"

ಅದನ್ನು ಯಾರಿಗೂ ಬಾಯಿಬಿಟ್ಟು ಹೇಳುವ ಪ್ರಸಂಗ ಅವಳಿಗೆ ಬಂದಿರಲಿಲ್ಲ. ಮನೆಯವರಿಗೆಲ್ಲ ಗೊತ್ತಿದ್ದದ್ದು, ಹೊರಗಿನವರು ಯಾರೂ ಕೇಳದೇ ಇದ್ದದ್ದು.

"ನಾವು ಮುಟ್ಟಲ್ಲ ಸ್ವಾಮಿ. ಬೆಳಗಾದ್ರೆ ಊರೋರನ್ನೆಲ್ಲ ಅಗೆಯೋದು, ಕೆದಕೋದು, ಸವರೋದೇ ನಮ್ಮ ಕೆಲಸ. ನಮ್ಮೋರನ್ನಾದ್ರೂ ನೆಮ್ಮದಿಯಾಗಿ ಬಿಡೋಣ ಅಂತ. ಒಂದ್ಸಲ ಮುಚ್ಚಿದ್ಮೇಲೆ ಅಲ್ಲಿಗೆ ಕಬ್ಬಿಣ ತಗೊಂಡು ಹೋಗಲ್ಲ, ಹುಲ್ಲೂ ಕೀಳಲ್ಲ. ಏನು ಬೆಳೀತದೋ ಬೆಳ್ಕೊಳ್ಳಿ. ಅದೇ ನಾವು ಅವರನ್ನ ನೋಡ್ಕೊಳ್ಳೋದು."

ಅಧ್ಯಕ್ಷರು ಹೊಟ್ಟೆ ಕುಣಿಸಿ ನಕ್ಕರು. "ಸೋಮಾರಿತನಕ್ಕೆ ಎಂಥಾ ಬಟ್ಟೆ ತೊಡಿಸ್ತಾಳೆ ನೋಡಿ ಸಾರ್!"

ಸಾಹೇಬರು ನಗಲಿಲ್ಲ. ಪುಸ್ತಕವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. "ಕಾಯ್ದೇಲಿ ಅದಕ್ಕೆ ಜಾಗ ಇಲ್ಲಮ್ಮ. ಮುಂದಿನ ವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಗುರುತು ಕಾಣೋ ಹಾಗೆ ಮಾಡಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಸೊಸೆಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಬೈಯುವವರಿಗೆ ಮನಸ್ಸಲ್ಲಾದರೂ ತಿರುಗಿಸಿ ಬೈಯಬಹುದು.

ಮನೆಯೆಂದರೆ ಸ್ಮಶಾನದ ಗೋಡೆಗೆ ಆತುಕೊಂಡ ಎರಡು ಕೋಣೆ. ಒಂದರಲ್ಲಿ ಹಾರೆ, ಗುದ್ದಲಿ, ಹಗ್ಗ, ಪೆಟ್ಟಿಗೆ ಇಳಿಸುವ ಪಟ್ಟಿಗಳು. ಇನ್ನೊಂದರಲ್ಲಿ ಅತ್ತೆ, ಸೊಸೆ, ಮೈದುನ. ಅವಳು ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೂತು ಸಾಣೆಕಲ್ಲಿಗೆ ಸನಿಕೆಯ ಬಾಯಿ ಉಜ್ಜುತ್ತಿದ್ದಳು. ಕಣ್ಣು ಮಂಜಾದರೂ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಮೊಂಡು ಸನಿಕೆ ಹಿಡಿದು ಹೋಗುವವರನ್ನು ಕಂಡರೆ ಅವಳಿಗೆ ಹರಿದ ಬಟ್ಟೆಯಲ್ಲಿ ಹೋಗುವವರನ್ನು ಕಂಡಷ್ಟು ನಾಚಿಕೆ.

ಸೊಸೆ ನಡೆದದ್ದನ್ನೆಲ್ಲ ಹೇಳಿದಳು.

"ದುಡ್ಡಿದ್ದೋರಿಗೆ ಸತ್ತ ಮೇಲೂ ಪಿಂಚಣಿ ಅನ್ನು," ಮೈದುನ ಗೋಡೆಗೊರಗಿ ನಕ್ಕ. ನಗು ಮುಖಕ್ಕೆ ಹೊಂದಲಿಲ್ಲ.

"ಅತ್ತೆ, ನಾನು ಹುಲ್ಲು ಕೊಯ್ತೀನಿ. ನಮ್ಮ ಯಜಮಾನ್ರದ್ದು ಒಂದಾದ್ರೂ."

ಸಾಣೆಯ ಸದ್ದು ನಿಂತಿತು. "ಕಬ್ಬಿಣ ಮುಟ್ಸಬೇಡ ಅವನಿಗೆ."

"ಮುಟ್ಸದಿದ್ರೆ ಅವರು ಅಗೆದೇ ಹಾಕ್ತಾರಲ್ಲ!"

"ಅವರು ಅಗೆದ್ರೆ ಪಾಪ ಅವರದ್ದು. ನೀನು ಮುಟ್ಟಿದ್ರೆ ನಮ್ಮದು. ಒಂದ್ಸಲ ಅವನ ಮೈಮೇಲೆ ಕಬ್ಬಿಣ ಬಿದ್ದಿದ್ದು ಸಾಲ್ದೇನೇ ನಿನಗೆ?"

ಮೈದುನ ಎದ್ದು ಹೊರಗೆ ಹೋದ. ಆ ಮಾತು ಬಂದಾಗಲೆಲ್ಲ ಅವನು ಹಾಗೆ ಎದ್ದುಹೋಗುತ್ತಿದ್ದ. ಮಳೆ ಹಿಡಿದಿದ್ದ ದಿನಗಳಲ್ಲಿ ಯಾರೋ ದೊಡ್ಡ ಮನೆತನದವರು ಒಂದರ ಮೇಲೊಂದು ಪೆಟ್ಟಿಗೆ ಇಡುವಷ್ಟು ಆಳದ ಗುಂಡಿ ಕೇಳಿದ್ದರು. ಬದಿಯ ಮಣ್ಣು ಜಾರದಂತೆ ಆನಿಸಲು ಹಲಗೆ ಕೊಡಿ ಎಂದರೆ, ನಿಧಿಯ ದುಡ್ಡು ಸತ್ತವರಿಗೆ, ನಿಮಗಲ್ಲ ಅಂದಿತ್ತು ಸಮಿತಿ. ಹಸಿ ಮಣ್ಣು ಜಾರಿ ಅವಳ ಗಂಡನ ಮೇಲೆ ಕೂತಿತು. ಎಲ್ಲರೂ ಹುಚ್ಚು ಹಿಡಿದವರಂತೆ ಅಗೆದರು. ಮೈದುನನ ಸನಿಕೆ ಅಣ್ಣನ ಹೆಗಲಿಗೆ ತಾಗಿದಾಗಲೇ ಅವನಿರುವ ಜಾಗ ತಿಳಿದದ್ದು. ಅಷ್ಟು ಹೊತ್ತಿಗೆ ಉಸಿರಿರಲಿಲ್ಲ. ಉಸಿರು ಮೊದಲೇ ಹೋಗಿತ್ತೆಂದು ಎಲ್ಲರೂ ಹೇಳಿದರು, ಮೈದುನ ನಂಬಲಿಲ್ಲ.

ದಾರಿ ತೋರಿಸಿದವನು ಗುಮಾಸ್ತ. ಕಚೇರಿಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಸುತ್ತಲೂ ನೋಡಿ, ಪಿಸುಗುಟ್ಟಿದ: "ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡ ಕಣಮ್ಮ. ಹುಲ್ಲು ತೆಗೆದು ಸುತ್ತ ಕಲ್ಲು ಜೋಡಿಸು. ಸುಣ್ಣ ಬಳಿ. ಸಾಹೇಬರು ಒಳ್ಳೆಯವರು, ಕಣ್ಣಿಗೆ ಕಂಡ್ರೆ ಬಿಟ್ಟುಬಿಡ್ತಾರೆ."

ಮರುದಿನ ಬೆಳಗ್ಗೆ ಸೊಸೆ ಕುಡುಗೋಲು ಹಿಡಿದು ಇಳಿಜಾರಿಗೆ ಹೋದಳು. ಎಷ್ಟೋ ಜನರ ಸಮಾಧಿ ಸವರಿದ ಕೈ, ಆದರೆ ಅಂದು ಹುಲ್ಲಿನ ಹಿಡಿ ಹಿಡಿದಾಗ ಬೆರಳು ಮಡಚಲು ಒಪ್ಪಲಿಲ್ಲ. ತಪ್ಪಾಯ್ತು ಕಣ್ರೀ, ಎಂದು ಗಟ್ಟಿಯಾಗಿಯೇ ಹೇಳಿ ಮೊದಲ ಹಿಡಿ ಕೊಯ್ದಳು. ಆಮೇಲೆ ನಿಲ್ಲಿಸಲಿಲ್ಲ. ಹುಲ್ಲು ಹೋದ ಹಾಗೆಲ್ಲ ಮಣ್ಣು ಕಾಣಿಸಿತು, ಎದೆಯ ಜಾಗದಲ್ಲಿ ಕುಸಿದು ತಗ್ಗಾಗಿದ್ದು ಕಾಣಿಸಿತು. ಊರವರೆದುರು ಗಂಡನ ಅಂಗಿ ಬಿಚ್ಚಿದಂತೆ ಅನ್ನಿಸಿ ಅವಳಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಕಲ್ಲು ಜೋಡಿಸಿದಳು, ಅಳುತ್ತಲೇ ಸುಣ್ಣ ಬಳಿದಳು. ಕೆಲಸ ಮುಗಿದಾಗ ಆ ಹಸಿರು ಇಳಿಜಾರಿನಲ್ಲಿ ಅವನದೊಂದೇ ಸಮಾಧಿ ಬೆಳ್ಳಗೆ, ಬೋಳಾಗಿ, ಎಲ್ಲರ ಕಣ್ಣಿಗೂ ಬೀಳುವಂತೆ ಇತ್ತು.

ಮನೆಗೆ ಬಂದಾಗ ಅತ್ತೆ ಅವಳ ಕೈಯ ಹುಲ್ಲು ಸುಣ್ಣದ ವಾಸನೆ ಹಿಡಿದಳು. ಒಂದು ಮಾತೂ ಆಡಲಿಲ್ಲ. ಅಂದಿನಿಂದ ಸೊಸೆ ಬಡಿಸಿದ ತಟ್ಟೆ ಮುಟ್ಟಲಿಲ್ಲ, ತಾನೇ ಎದ್ದು ತಡವರಿಸಿ ಬಡಿಸಿಕೊಂಡಳು.

ಮುಂದಿನ ವಾರ ಸಾಹೇಬರು ಬಂದರು, ಅಧ್ಯಕ್ಷರೂ ಬಂದರು. ಜೊತೆಗೆ ಬಟ್ಟೆ ಅಂಗಡಿ ಸಾಹುಕಾರರು. ಅವರ ತಾಯಿ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿದ್ದಳು. ಮಗ ಜಾಗ ನೋಡಲು ಬಂದಿದ್ದ. ಮುಂದಿನ ಸಾಲು ತುಂಬಿಹೋಗಿತ್ತು.

ಸೊಸೆ ಓಡಿಹೋಗಿ ಬಿಳಿ ಕಲ್ಲುಗಳ ಪಕ್ಕ ನಿಂತಳು. "ಗುರುತು ಮಾಡಿದೀನಿ ಸ್ವಾಮಿ. ನೋಡಿ."

ಸಾಹೇಬರ ಮುಖ ಅರಳಿತು. "ಚೆನ್ನಾಗಿ ಮಾಡಿದೀಯಮ್ಮ."

"ಯಾವ ಹೊತ್ತಲ್ಲಿ ಮಾಡಿದ್ದು?" ಅಧ್ಯಕ್ಷರು ಕೇಳಿದರು.

"ಬೆಳಗ್ಗೆ ಸ್ವಾಮಿ."

"ಕೆಲಸದ ಹೊತ್ತಲ್ಲಿ. ಕುಡುಗೋಲು ಯಾರದ್ದು?"

"ಸಮಿತೀದು."

"ಸುಣ್ಣ?"

"ಮುಂದಿನ ಸಾಲಿನ ದಾರಿ ಅಂಚಿಗೆ ಬಳಿಯೋಕೆ ಕೊಟ್ಟಿದ್ರಲ್ಲ, ಅದರಲ್ಲಿ ಉಳಿದಿದ್ದು."

ಅಧ್ಯಕ್ಷರು ಸಾಹೇಬರ ಕಂಕುಳ ಪುಸ್ತಕದ ಮೇಲೆ ಬೆರಳು ತಟ್ಟಿದರು. "ಹೇಳಿ ಸಾರ್. ಸಮಿತಿ ನೌಕರರು ಸಮಿತಿ ಸಾಮಾನಲ್ಲಿ ಮಾಡಿದ ಕೆಲಸ ಯಾರ ಲೆಕ್ಕಕ್ಕೆ?"

ಸಾಹೇಬರು ಪುಸ್ತಕ ಬಿಚ್ಚಲಿಲ್ಲ. ಅದು ಅವರಿಗೆ ಬಾಯಿಪಾಠವಿತ್ತು. "ನಿಧಿ ಲೆಕ್ಕಕ್ಕೆ," ಅಂದರು. ಸ್ವಲ್ಪ ತಡೆದು, ಅವಳನ್ನು ನೋಡದೆ, "ಸಂಬಳದ ಕೈ ವಾರಸುದಾರರ ಕೈ ಆಗಲ್ಲಮ್ಮ," ಅಂದರು.

"ಕೇಳಿಸ್ಕೊಂಡ್ಯಾ? ಈ ಕೈ ನಿಂದಲ್ಲ. ನಿಧೀದು," ಅಧ್ಯಕ್ಷರು ಅವಳ ಮೊಣಕೈಗೆ ತಮ್ಮ ಕೋಲಿನ ತುದಿ ತಾಗಿಸಿ ಹೇಳಿದರು. "ನಿಧಿ ದುಡ್ಡಲ್ಲಿ ಗಂಡನ ಸಮಾಧಿ ಸಿಂಗಾರ ಮಾಡ್ಕೊಂಡಿದೀಯ. ಕಳ್ಳತನ ಅಂತ ಬರೆಸ್ಬೇಕಾಗಿತ್ತು. ಹೋಗ್ಲಿ ಪಾಪ ಅಂತ ಬಿಟ್ಟಿದೀನಿ."

ಸಾಹುಕಾರರಿಗೆ ಈ ಜಗಳದಲ್ಲಿ ಆಸಕ್ತಿಯಿರಲಿಲ್ಲ. ಅವರು ಇಳಿಜಾರನ್ನೆಲ್ಲ ಕಣ್ಣಾಡಿಸಿ ನೋಡುತ್ತಿದ್ದರು. ಎಲ್ಲ ಕಡೆ ಹುಲ್ಲು, ಮುಳ್ಳು, ಹಾವಿರಬಹುದಾದ ಪೊದೆ. "ಇದೇ ಆಗ್ಬಹುದು ನೋಡಿ," ಅಂದು ಬಿಳಿ ಕಲ್ಲುಗಳ ಕಡೆ ಕೈ ತೋರಿಸಿದರು. "ಚೊಕ್ಕಟವಾಗಿದೆ. ಅಮ್ಮನಿಗೆ ಚೊಕ್ಕಟ ಅಂದ್ರೆ ಇಷ್ಟ."

ಹುಲ್ಲಿದ್ದಿದ್ದರೆ ಇವನ ಕಣ್ಣು ಇಲ್ಲಿಗೆ ಬೀಳುತ್ತಿರಲಿಲ್ಲ. ಗಂಡನನ್ನು ಉಳಿಸಲು ಹೋಗಿ ಸೊಸೆ ಎಲ್ಲರಿಗಿಂತ ಮೊದಲು ಅವನನ್ನೇ ಹಿಡಿದುಕೊಟ್ಟಿದ್ದಳು.

"ಬ್ಯಾಡಿ ಸ್ವಾಮಿ, ಬ್ಯಾಡಿ. ಬೇರೆ ಜಾಗ ನಾನೇ ಮಾಡ್ಕೊಡ್ತೀನಿ. ಗೋಡೆ ಪಕ್ಕ ಗಟ್ಟಿ ನೆಲ ಇದೆ, ಎಷ್ಟು ಕಷ್ಟ ಆದ್ರೂ ತೋಡ್ತೀನಿ. ನಿಮ್ಮ ಕಾಲು ಹಿಡ್ಕೋತೀನಿ." ಅವಳು ಅಧ್ಯಕ್ಷರ ಕಾಲಿಗೆ ಬಾಗಿದಳು.

"ಕಾಲು ಮುಟ್ಬೇಡ," ಅಧ್ಯಕ್ಷರು ಹಿಂದೆ ಸರಿದರು. "ಮೂಳೆಗೆ ಚೀಲ ಸಮಿತಿಯೇ ಕೊಡುತ್ತೆ. ಅದಕ್ಕೆ ನಿಮ್ಮ ಹತ್ರ ಏನೂ ಕೇಳಲ್ಲ."

ಸಾಹುಕಾರರ ತಾಯಿ ಮರುದಿನ ಬೆಳಗ್ಗೆ ತೀರಿಕೊಂಡಳು. ಮಧ್ಯಾಹ್ನಕ್ಕೆ ಗುಂಡಿ ತಯಾರಿರಬೇಕೆಂದು ಗುಮಾಸ್ತ ಬಂದು ಹೇಳಿದ. ಜೊತೆಗೆ ಒಂದು ಗೋಣಿಚೀಲ ತಂದಿದ್ದ. ಅದನ್ನು ಯಾರ ಕೈಗೂ ಕೊಡಲು ಧೈರ್ಯವಾಗದೆ ಹೊಸ್ತಿಲ ಪಕ್ಕ ಇಟ್ಟು, ತಲೆ ತಗ್ಗಿಸಿ ಹೋದ.

ಅತ್ತೆ ಚೀಲವನ್ನು ತಡವಿ ನೋಡಿದಳು. ಮೂಲೆಯಿಂದ ಮೂಲೆಗೆ ಕೈಯಾಡಿಸಿ ಅದರ ಉದ್ದ ಅಳೆದಳು. "ನನ್ನ ಮಗ ಇಷ್ಟೊಂದು ಕುಳ್ಳನಾಗಿರ್ಲಿಲ್ಲ," ಅಂದಳು. ದಿನಗಳ ನಂತರ ಅವಳು ಸೊಸೆಯೊಂದಿಗೆ ಆಡಿದ ಮೊದಲ ಮಾತು ಅದು. "ಕೈ ಕೊಡು. ನನ್ನ ಅಲ್ಲಿಗೆ ಕರ್ಕೊಂಡು ಹೋಗು."

ಮೆರವಣಿಗೆ ಗೇಟು ದಾಟಿ ಇಳಿಜಾರಿಗೆ ಬಂದಾಗ ಗುಂಡಿಯಿರಲಿಲ್ಲ. ಬಿಳಿ ಕಲ್ಲುಗಳ ನಡುವೆ ಮುದುಕಿಯೊಬ್ಬಳು ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಸೊಸೆ. ಮೈದುನ ಮತ್ತು ಉಳಿದ ಗುಂಡಿ ತೋಡುವವರು ಹುಲ್ಲಿನಲ್ಲಿ ಸೊಂಟದವರೆಗೆ ಮುಳುಗಿ ನಿಂತಿದ್ದರು. ಪೆಟ್ಟಿಗೆ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಧ್ಯಕ್ಷರು ಜನರ ನಡುವಿನಿಂದ ನುಗ್ಗಿ ಬಂದರು. "ಗುಂಡಿ ಎಲ್ಲಿ?"

ಸೊಸೆ ಅತ್ತೆಯ ಸೆರಗು ಸರಿಪಡಿಸಿದಳು.

"ಗುಂಡಿ ಎಲ್ಲೋ, ಬೋಳಿಮಕ್ಕಳಾ?"

"ನಿಧೀನ ಕರೀರಿ ಸ್ವಾಮಿ," ಸೊಸೆ ಅಂದಳು. "ಕೊನೇತನಕ ನೋಡ್ಕೊಳ್ಳುತ್ತಲ್ಲ. ಬಂದು ತೋಡಿಕೊಡ್ಲಿ."

ಮೆರವಣಿಗೆಯಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿ ಮುಚ್ಚಿಕೊಂಡರು. ಅಧ್ಯಕ್ಷರ ಕುತ್ತಿಗೆಯ ನರ ಉಬ್ಬಿತು. ಸಾಹುಕಾರರೆದುರು, ಸಾಹುಕಾರರ ಬೀಗರೆದುರು, ಇಷ್ಟು ಜನರೆದುರು! ಅವರು ಮೈದುನನ ಕಡೆ ತಿರುಗಿದರು. ಇವರಲ್ಲಿ ಯಾರು ಮೆತ್ತಗೆಂದು ಅವರಿಗೆ ಗೊತ್ತಿತ್ತು.

"ನೀನು ತೋಡೋ. ತೋಡ್ಲಿಲ್ಲ ಅಂದ್ರೆ ಸಂಜೆಗೆ ಆ ಮನೆ ಖಾಲಿ ಮಾಡ್ಬೇಕು. ಆ ಕುರುಡು ಮುದುಕೀನ ಎಲ್ಲಿಗೆ ಹೊತ್ಕೊಂಡು ಹೋಗ್ತೀಯ ನೋಡ್ತೀನಿ. ನಿಮ್ಮಂಥೋರಿಗೆ ಊರಲ್ಲಿ ಯಾವನು ಬಾಡಿಗೆ ಕೊಡ್ತಾನೆ? ಹೆಣ ಮುಟ್ಟಿದ ಕೈ ಅಂತ ನೀರೂ ಕೊಡಲ್ಲ."

ಮೈದುನ ಸನಿಕೆ ಎತ್ತಿದ. ಬಿಳಿ ಕಲ್ಲುಗಳವರೆಗೆ ನಡೆದು ಬಂದ. ಅವನು ತಗ್ಗಾದ ಮಣ್ಣನ್ನು ನೋಡಿದ, ಅದರ ಮೇಲೆ ಚಾಚಿದ್ದ ತಾಯಿಯ ಕಾಲುಗಳನ್ನು ನೋಡಿದ.

"ಎಲ್ಲಿ ಹಾಕ್ಲಿ ಸ್ವಾಮಿ?" ಕೇಳಿದ. "ಹೆಗಲಿಗಾ? ಒಂದು ಹೆಗಲಿಗೆ ಆಗ್ಲೇ ಹಾಕಿದೀನಿ. ಇನ್ನೊಂದು ಹೆಗಲು ಯಾವ ಕಡೆ ಇದೆ, ನೀವೇ ತೋರ್ಸಿ."

ಸನಿಕೆಯನ್ನು ಅಧ್ಯಕ್ಷರ ಕಾಲ ಬಳಿ ಎಸೆದ. ಅದು ಅವರ ಹೊಳೆಯುವ ಬೂಟಿಗೆ ಬಡಿದು ಬಿತ್ತು. ಎಸೆದವನು ಅಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡು ಅತ್ತ.

"ಏನ್ರೀ ಇದು? ಅಮ್ಮನ್ನ ಎಷ್ಟು ಹೊತ್ತು ಹೀಗೆ ಹಿಡ್ಕೊಂಡು ನಿಂತಿರ್ಬೇಕು?" ಸಾಹುಕಾರರು ಹಲ್ಲು ಕಡಿದರು. "ಜಾಗ ಮಾರೋವಾಗ ಬೇರೆ ಥರ ಮಾತಾಡಿದ್ರಿ."

ಅಧ್ಯಕ್ಷರು ಸನಿಕೆಗೆ ಬಾಗಿದರು. ಬಹುಶಃ ಹೆದರಿಸಲಿಕ್ಕೆಂದೇ ಬಾಗಿದ್ದಿರಬೇಕು. ಆದರೆ ಕೈಗೆ ಬಂದ ಮೇಲೆ, ಜನ ನೋಡುತ್ತಿರುವಾಗ, ಅದನ್ನು ಸುಮ್ಮನೆ ಕೆಳಗಿಡುವುದು ಹೇಗೆ? ಎರಡೂ ಕೈಯಲ್ಲಿ ತಪ್ಪಾಗಿ ಹಿಡಿದು ಮೇಲೆತ್ತಿದರು. ಒಂದು ಬಿಳಿ ಕಲ್ಲನ್ನು ಕಾಲಿನಿಂದ ಒದ್ದು, ಮುದುಕಿಯ ಪಾದದ ಪಕ್ಕ, ಬೋಳು ಮಣ್ಣಿನ ಅಂಚಿಗೆ ಗುರಿ ಹಿಡಿದು ಇಳಿಸಿದರು.

ಸೊಸೆ ಎರಡೂ ಕೈ ಮುಂದೆ ಚಾಚಿ ಸನಿಕೆಯ ಬಾಯಿಯನ್ನೇ ಹಿಡಿದಳು.

ಅತ್ತೆ ಸಾಣೆ ಹಿಡಿದ ಕಬ್ಬಿಣ. ಬೆರಳ ಸಂದಿಯಿಂದ ರಕ್ತ ಚಿಮ್ಮಿ ಅಧ್ಯಕ್ಷರ ಬೂಟಿನ ಮೇಲೆ ಬಿತ್ತು, ಸುಣ್ಣದ ಕಲ್ಲಿನ ಮೇಲೆ ಬಿತ್ತು, ಮಣ್ಣಿಗೆ ಬಿದ್ದದ್ದು ಕಾಣದೆ ಇಂಗಿತು. ಹೆಂಗಸರು ಕಿರುಚಿದರು. ಅಧ್ಯಕ್ಷರು ಎಳೆದರು. ಎಳೆದಷ್ಟೂ ಕೊಯ್ಯಿತು. ಅವಳು ಬಿಡಲಿಲ್ಲ. ನೋವು ತಲೆಗೇರಿ ಕಣ್ಣು ಕತ್ತಲೆಗಟ್ಟುತ್ತಿತ್ತು, ಆದರೂ ಅವಳಿಗೆ ಅಧ್ಯಕ್ಷನ ಮುಖವಷ್ಟೇ ಚೆನ್ನಾಗಿ ಕಾಣುತ್ತಿತ್ತು. ಬೆವರಿದ, ಬಿಳುಚಿದ, ಹೆದರಿದ ಮುಖ.

"ಈಗ ಹೇಳೋ," ಅಂದಳು. ಜೀವಮಾನದಲ್ಲಿ ಅವನನ್ನು ಹಾಗೆ ಕರೆದವಳಲ್ಲ. "ಈ ಕೈ ಯಾರದ್ದು, ಹೇಳೋ."

"ಬಿಡು! ಬಿಡೇ, ಹುಚ್ಚಿ!"

"ಹೇಳೋ. ಈ ರಕ್ತಾನೂ ನಿಧಿಗೆ ಸೇರಿಸ್ಕೋತೀಯೇನೋ? ಹೇಳು!"

ಗುಂಡಿ ತೋಡುವವರು ಹುಲ್ಲನ್ನು ಸೀಳಿಕೊಂಡು ಎಲ್ಲ ಕಡೆಯಿಂದ ಹತ್ತಿರ ಬಂದರು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಅತ್ತೆ ತಡವರಿಸುತ್ತ ಮಂಡಿಯ ಮೇಲೆ ಮುಂದೆ ಬಂದು, ಸೊಸೆಯ ಮುಂಗೈ ಸಿಕ್ಕಿದ ಕೂಡಲೇ ಗಟ್ಟಿಯಾಗಿ ಹಿಡಿದುಕೊಂಡಳು. ಬಿಡಿಸಲಿಕ್ಕೆಂದು ಹಿಡಿದಳೋ, ಬಿಡಬೇಡವೆಂದು ಹಿಡಿದಳೋ, ನೋಡುತ್ತಿದ್ದವರಿಗೆ ಗೊತ್ತಾಗಲಿಲ್ಲ. ಸೊಸೆಗೆ ಗೊತ್ತಾಯಿತು. ಅವಳು ಹಿಡಿತ ಇನ್ನಷ್ಟು ಬಿಗಿ ಮಾಡಿದಳು.

ಹೆಗಲು ಸೋತವರು ಸಾಹುಕಾರರ ತಾಯಿಯ ಪೆಟ್ಟಿಗೆಯನ್ನು ಬಿಸಿಲಲ್ಲೇ ಹುಲ್ಲಿನ ಮೇಲೆ ಇಳಿಸಿದರು. ಸನಿಕೆಯ ಆ ತುದಿಯನ್ನು ಅವನು ಬಿಟ್ಟಿರಲಿಲ್ಲ. ಈ ತುದಿಯನ್ನು ಅವಳು ಬಿಟ್ಟಿರಲಿಲ್ಲ.